ಕಣದ ಕಟ್ಟಡದಲ್ಲಿ ಏಳು ರಾತ್ರಿ: ನಾರ್ಫೋಕ್ ಕರಾವಳಿಯ ಬಾರ್ನ್ ವಾಸ್ತವ್ಯದ ಒಂದು ಪ್ರಕರಣ

ಒಟ್ಟು ಆರು ಜನ. ಲಂಡನ್ನಿನ ಹೊರವಲಯದಲ್ಲಿ ನೆಲೆಸಿರುವ ಗಂಡ ಹೆಂಡತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, ದಾವಣಗೆರೆಯಿಂದ ಬಂದಿರುವ ಗಂಡನ ತಂದೆ ತಾಯಿ. ಅಜ್ಜನಿಗೆ 71, ಮಂಡಿನೋವಿನ ಜೊತೆಗೆ ಬಿಪಿ. ಅಜ್ಜಿಗೆ 65, ಹೊರಗಿನ ಊಟ ಎರಡು ಹೊತ್ತಿಗಿಂತ ಹೆಚ್ಚು ಸೇರುವುದಿಲ್ಲ. ಮೇ ಕೊನೆಯ ವಾರ ಇಂಗ್ಲೆಂಡಿನ ಶಾಲೆಗಳಿಗೆ ಒಂದು ವಾರ ರಜೆ. ಶನಿವಾರದಿಂದ ಶನಿವಾರಕ್ಕೆ ಏಳು ರಾತ್ರಿ ಎಂದು ಗೊತ್ತುಮಾಡಿಕೊಂಡದ್ದು ನಾರ್ಫೋಕ್ ಕೌಂಟಿಯ ಉತ್ತರ ಕರಾವಳಿಯಲ್ಲಿ, ವೆಲ್ಸ್-ನೆಕ್ಸ್ಟ್-ದ-ಸೀ ಎಂಬ ಪುಟ್ಟ ಬಂದರಿನಿಂದ ಮೂರು ಕಿಲೋಮೀಟರ್ ಒಳಗೆ, ಬಾರ್ಲಿ ಹೊಲಗಳ ನಡುವೆ ಇರುವ ಒಂದು ಹಳೆಯ ಬಾರ್ನ್, ಅಂದರೆ ಒಕ್ಕಣೆಗೆಂದು ಕಟ್ಟಿ ಈಗ ರಜೆಯ ಮನೆಯಾಗಿರುವ ಕಟ್ಟಡ. ಮೂರು ಮಲಗುವ ಕೋಣೆ, ಎರಡು ಬಚ್ಚಲು, 250 ಪೌಂಡ್ ಮುಂಗಡ ಠೇವಣಿ.

ಆ ವಾರದಲ್ಲಿ ಹೊಗೆಯ ಅಲಾರಾಂ ಮೂರು ಸಲ ಬಡಿಯಿತು. ಅಡುಗೆಮನೆಯ ಚಾವಣಿಯಲ್ಲಿ ನೀರು ಜಿನುಗಿ ಕಲೆ ಬಿತ್ತು. ಒಬ್ಬರು ಪ್ರತಿದಿನ ತಣ್ಣೀರು ಮೈಮೇಲೆ ಹಾಕಿಕೊಂಡರು. ಒಂದು ಸಂಜೆ ಆರೂ ಜನ ಮೊಣಕಾಲ ಕೆಳಗಿನವರೆಗೆ ಬಂದ ಕಡಲ ನೀರನ್ನು ದಾಟಿ ದಡ ಸೇರಬೇಕಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ರಜೆಯೂ ಹಾಳಾಗಲಿಲ್ಲ. ಆದರೂ ಇದನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಇವುಗಳಲ್ಲಿ ಒಂದೂ ದುರದೃಷ್ಟದಿಂದ ಆದದ್ದಲ್ಲ. ಮೊದಲ ಮೂರಕ್ಕೆ ಕಾರಣ ಕಟ್ಟಡದ ಹುಟ್ಟಿನಲ್ಲೇ ಇತ್ತು, ನಾಲ್ಕನೆಯದಕ್ಕೆ ಫೋನಿನ ಪರದೆಯಲ್ಲಿ.

ಕಟ್ಟಡ ಏನಾಗಿತ್ತು

ಬಾರ್ನ್ ಎಂದರೆ ದನದ ಕೊಟ್ಟಿಗೆ ಎಂದು ಹೇಳಿಬಿಡುವುದು ರೂಢಿ. ನಾರ್ಫೋಕಿನ ದೊಡ್ಡ ಬಾರ್ನುಗಳ ಮಟ್ಟಿಗೆ ಅದು ಸರಿಹೋಗುವುದಿಲ್ಲ. ನಮ್ಮ ಕಡೆ ಕಣ ಬಯಲಲ್ಲಿರುತ್ತದೆ, ಕಣಜ ಮನೆಯಲ್ಲಿರುತ್ತದೆ. ಸುಗ್ಗಿ ಮುಗಿದರೂ ಮಳೆ ಬಿಡದ ಆ ನಾಡಿನಲ್ಲಿ ಎರಡನ್ನೂ ಒಂದೇ ಸೂರಿನ ಕೆಳಗೆ ತಂದರು. ಉದ್ದನೆಯ ಕಟ್ಟಡ, ನಡುವೆ ಒಕ್ಕಣೆಯ ಕಣ, ಎರಡು ಪಕ್ಕಕ್ಕೂ ಹುಲ್ಲು ಮತ್ತು ತೆನೆಯ ಒಟ್ಟು. ಕಣಕ್ಕೆ ಎದುರುಬದುರು ಎರಡು ಬಾಗಿಲು: ತುಂಬಿದ ಗಾಡಿ ಒಳಬರಲು ಎತ್ತರದ್ದು, ಖಾಲಿ ಗಾಡಿ ಹೊರಹೋಗಲು ಅದಕ್ಕಿಂತ ಸಣ್ಣದು. ಎರಡನ್ನೂ ತೆರೆದರೆ ಗಾಳಿ ಅಡ್ಡಲಾಗಿ ಬೀಸುತ್ತದೆ, ಹೊಟ್ಟು ಹಾರಿ ಕಾಳು ಉಳಿಯುತ್ತದೆ. ನಾವು ಮೊರ ಹಿಡಿದು ಗಾಳಿಗೆ ತೂರುತ್ತಿದ್ದ ಕೆಲಸವನ್ನೇ ಅಲ್ಲಿ ಒಳಗಡೆ ಮಾಡುತ್ತಿದ್ದರು.

ಈ ಪ್ರದೇಶ ಹೋಲ್ಕಮ್ ಜಮೀನುದಾರಿಕೆಯ ಸುತ್ತಮುತ್ತಲಿನದು. ಅಲ್ಲಿನ ಥಾಮಸ್ ಕೋಕ್ (1754–1842) ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಎಂಬ ನಾಲ್ಕು ವರ್ಷದ ಬೆಳೆ ಸರದಿಯನ್ನು ಒಕ್ಕಲುಗಳಿಗೆಲ್ಲ ಹಬ್ಬಿಸಿದವನು. ಬೆಳೆ ಹೆಚ್ಚಿದಂತೆ ಬಾರ್ನುಗಳೂ ದೊಡ್ಡವಾದವು. ಹೋಲ್ಕಮ್‌ನ ‘ಗ್ರೇಟ್ ಬಾರ್ನ್’ ಅನ್ನು 1790ರ ದಶಕದಲ್ಲಿ ಸ್ಯಾಮ್ಯುಯೆಲ್ ವ್ಯಾಟ್ ಎಂಬ ವಾಸ್ತುಶಿಲ್ಪಿ ಕಟ್ಟಿಸಿದ. ಒಕ್ಕಣೆ ಯಂತ್ರ ಬಂತು, ಆಮೇಲೆ ಹೊಲದಲ್ಲೇ ಕೊಯ್ದು ಒಕ್ಕುವ ಕಂಬೈನ್ ಬಂತು. ಕಣಕ್ಕೆ ಕೆಲಸ ಉಳಿಯಲಿಲ್ಲ. ಹಾಗೆ ಖಾಲಿ ಬಿದ್ದವೇ ಇಂದು ರಜೆಯ ಮನೆಗಳಾಗಿವೆ.

ಈ ಕರಾವಳಿಗೆ 1968ರಿಂದಲೂ ನಿಸರ್ಗ ಸೌಂದರ್ಯದ ರಕ್ಷಣೆ ಇದೆ. ಇಂಗ್ಲೆಂಡಿನ ಬೇರೆ ಕಡೆ ಹೊಲದ ಕಟ್ಟಡವನ್ನು ಮನೆಯಾಗಿಸಲು 2014ರಲ್ಲಿ ಬಂದ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ, ಪೂರ್ತಿ ಪರವಾನಗಿ ಬೇಕು. ಹೊಸ ಕಿಟಕಿ ಒಡೆಯಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಒಳಗಿನ ವಿನ್ಯಾಸ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ತರಹ: ಕಣ ಇದ್ದ ಜಾಗದಲ್ಲಿ ಸೂರಿನವರೆಗೂ ತೆರೆದ ದೊಡ್ಡ ಹಜಾರ, ಅದರಲ್ಲೇ ಅಡುಗೆಮನೆ, ಗಾಡಿ ಬಾಗಿಲಿದ್ದಲ್ಲಿ ಆಳೆತ್ತರ ಮೀರಿದ ಗಾಜು, ಮಲಗುವ ಕೋಣೆಗಳು ಎರಡು ತುದಿಗೆ, ಒಂದೋ ಎರಡೋ ಅಟ್ಟದ ಮೇಲೆ. ಈ ಪ್ರಕರಣದ ಬಾರ್ನ್ 18 ಮೀಟರ್ ಉದ್ದ, 6 ಮೀಟರ್ ಅಗಲ, ನೆಲದಿಂದ ಸೂರಿನ ನೆತ್ತಿಗೆ 7 ಮೀಟರ್. ಚಕಮಕಿ ಕಲ್ಲು ಮತ್ತು ಸುಣ್ಣದ ಗಾರೆಯ 45 ಸೆಂಟಿಮೀಟರ್ ದಪ್ಪದ ಗೋಡೆ, ಮೂಲೆಗಳಿಗೆ ಇಟ್ಟಿಗೆ, ಮೇಲೆ ಕೆಂಪು ಹೆಂಚು.

ಕೇಳಿದ್ದು, ಕೇಳದೆ ಬಿಟ್ಟದ್ದು

ಬುಕ್ ಮಾಡುವಾಗ ಈ ಕುಟುಂಬ ಕೇಳಿದ್ದು ವೈಫೈ, ಕಾರು ನಿಲ್ಲಿಸುವ ಜಾಗ, ಹಾಸಿಗೆಗಳ ಎಣಿಕೆ. ಇವು ಹೇಗೂ ಜಾಹೀರಾತಿನಲ್ಲೇ ಇರುತ್ತವೆ. ಕೇಳಬೇಕಾಗಿದ್ದದ್ದು ಬೇರೆ. ನೆಲಮಹಡಿಯಲ್ಲಿ ಮಲಗುವ ಕೋಣೆಯೂ ಬಚ್ಚಲೂ ಅಕ್ಕಪಕ್ಕ ಇವೆಯೇ? ಯಾವ ಬಚ್ಚಲಿನ ನೆಲಕ್ಕೆ ನೀರು ಹೋಗುವ ಕಿಂಡಿ ಇದೆ? ಒಲೆ ಗ್ಯಾಸಿನದೋ ಇಂಡಕ್ಷನ್ನೋ? ಒಲೆಯ ಮೇಲಿನ ಹೊಗೆ ಎಳೆಯುವ ಚಿಮಣಿ ಗಾಳಿಯನ್ನು ಹೊರಗೆ ಬಿಡುತ್ತದೆಯೋ, ಸೋಸಿ ಒಳಗೇ ಬಿಡುತ್ತದೆಯೋ? ಬಿಸಿನೀರಿನ ಸಿಲಿಂಡರ್ ಎಷ್ಟು ಲೀಟರಿನದು? ಒಳಚರಂಡಿ ಊರಿನದೋ ಸ್ವಂತ ಟ್ಯಾಂಕೋ? ಅಂಗಳಕ್ಕೆ ಜಲ್ಲಿ ಹಾಸಿದ್ದಾರೆಯೇ? ಊರುಗೋಲು ಜಲ್ಲಿಯಲ್ಲಿ ಹೂತುಹೋಗುತ್ತದೆ, ಆದ್ದರಿಂದ ಈ ಕೊನೆಯ ಪ್ರಶ್ನೆ ಚಿಕ್ಕದಲ್ಲ. ಮಾಲೀಕರು ಇವಕ್ಕೆಲ್ಲ ಒಂದು ಇಮೇಲ್‌ನಲ್ಲಿ ಉತ್ತರ ಕೊಡುತ್ತಾರೆ. ಈ ಕುಟುಂಬಕ್ಕೆ ಉತ್ತರಗಳು ಒಂದೊಂದಾಗಿ ಅಲ್ಲಿಗೆ ಹೋದ ಮೇಲೆ ಸಿಕ್ಕವು.

ಲಂಡನ್ನಿಂದ ಸುಮಾರು 190 ಕಿಲೋಮೀಟರ್. ಎಂ11, ಎ11 ದಾಟಿ ಬ್ರಾಂಡನ್, ಸ್ವಾಫಮ್, ಫೇಕನಮ್ ಮೇಲೆ ಹೋಗುವ ದಾರಿ. ಕೊನೆಯ ಭಾಗ ಎದುರುಬದುರು ಒಂದೊಂದೇ ಸಾಲಿನ ರಸ್ತೆ, ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಸಿಕ್ಕಿಕೊಂಡಂತೆಯೇ. ರಜೆಯ ಶನಿವಾರವಾದ್ದರಿಂದ ನಾಲ್ಕು ಗಂಟೆ ಹಿಡಿಯಿತು. ಕೀಲಿ ಸಿಗುವುದು ಸಂಜೆ 4ಕ್ಕೆ. ದಿನಸಿಯನ್ನು ಫೇಕನಮ್‌ನಲ್ಲೇ ತುಂಬಿಕೊಂಡದ್ದು ಸರಿಯಾದ ಕೆಲಸ. ವೆಲ್ಸ್‌ನಲ್ಲಿ ಅಂಗಡಿಗಳಿವೆ, ಆದರೆ ಕರಿಬೇವು, ತೊಗರಿಬೇಳೆ, ಹುಣಸೆಹಣ್ಣು ಮನೆಯಿಂದಲೇ ಒಯ್ಯಬೇಕು.

ಮೊದಲ ಸಂಜೆಯ ತಪ್ಪು

ಸೊಸೆ ಅತ್ತೆ ಮಾವನಿಗೆ ಅಟ್ಟದ ಮೇಲಿನ ದೊಡ್ಡ ಕೋಣೆ ಕೊಟ್ಟಳು. ಅಲ್ಲಿಂದ ಹೊಲ, ಅದರಾಚೆ ಉಪ್ಪು ಜವುಗು, ಅದರಾಚೆ ಕಡಲಿನ ಗೆರೆ ಕಾಣುತ್ತದೆ. ಹಿರಿಯರಿಗೆ ಒಳ್ಳೆಯ ಕೋಣೆ ಬಿಟ್ಟುಕೊಡುವುದು ನಮ್ಮ ಮನೆಗಳಲ್ಲಿ ಯೋಚಿಸದೆ ಆಗುವ ಮಾತು. ಕೆಳಗಿನ ಚಿಕ್ಕ ಕೋಣೆ ಮಕ್ಕಳ ಪಾಲಾಯಿತು. ಈ ವಾರದಲ್ಲಿ ಕಟ್ಟಡ ಕೊಟ್ಟ ತೊಂದರೆಗಳಲ್ಲಿ ದೊಡ್ಡದು ಈ ಒಂದು ಹಂಚಿಕೆಯಿಂದ ಬಂತು. ಅಟ್ಟದ ಮೆಟ್ಟಿಲು ಕಡಿದು, 13 ಮೆಟ್ಟಿಲಿಗೆ ಒಂದೇ ಪಕ್ಕ ಹಿಡಿಕಂಬಿ. ಕೋಣೆಯ ಬಾಗಿಲ ಬಳಿ ಗೋಡೆಯಿಂದ ಗೋಡೆಗೆ ಹಾಯುವ ಹಳೆಯ ಓಕ್ ತೊಲೆ ನೆಲದಿಂದ ಬರೀ 165 ಸೆಂಟಿಮೀಟರ್ ಎತ್ತರದಲ್ಲಿದೆ. ಆ ತೊಲೆಯೇ ಎರಡು ಗೋಡೆಗಳು ಹೊರಕ್ಕೆ ವಾಲದಂತೆ ಹಿಡಿದಿರುವುದು, ಅದನ್ನು ಯಾರೂ ಕತ್ತರಿಸುವಂತಿಲ್ಲ. ಅಜ್ಜನ ಎತ್ತರ 172.

ಅದೇ ರಾತ್ರಿ ಚಳಿ. ಮೇ ಕೊನೆಯಲ್ಲೂ ಅಲ್ಲಿ ಉತ್ತರದ ಗಾಳಿ ಬೀಸಿದರೆ ರಾತ್ರಿ 6–7 ಡಿಗ್ರಿಗೆ ಇಳಿಯುತ್ತದೆ. ಮಗ ಥರ್ಮೋಸ್ಟಾಟನ್ನು 18ರಿಂದ 26ಕ್ಕೆ ಏರಿಸಿದ. ಎರಡು ಗಂಟೆಯಾದರೂ ಏನೂ ಆಗಲಿಲ್ಲ, ಕೆಟ್ಟಿದೆ ಎಂದುಕೊಂಡು 28 ಮಾಡಿ ಮಲಗಿದರು. ಬೆಳಗಿನ ಜಾವ ಎಲ್ಲರೂ ಬೆವೆತು ಎದ್ದರು.

ಕೆಟ್ಟಿರಲಿಲ್ಲ. ಅದು ನೆಲದೊಳಗಿನ ಕೊಳವೆಗಳಲ್ಲಿ 35–40 ಡಿಗ್ರಿಯ ನೀರು ಹರಿಸಿ ಕಾಯಿಸುವ ವ್ಯವಸ್ಥೆ, ಹೊರಗೆ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್. ಮೊದಲು ಏಳು ಸೆಂಟಿಮೀಟರ್ ದಪ್ಪದ ಗಾರೆ ಬಿಸಿಯಾಗಬೇಕು, ಆಮೇಲೆ ಕೋಣೆ. ಮೂರು ನಾಲ್ಕು ಗಂಟೆ ಬೇಕೇ ಬೇಕು, ಆರಲೂ ಅಷ್ಟೇ ಹೊತ್ತು. 28 ಎಂದು ಒತ್ತಿದರೆ ಬೇಗ ಬಿಸಿಯಾಗುವುದಿಲ್ಲ, ನಿಲ್ಲುವುದು ತಡವಾಗುತ್ತದೆ ಅಷ್ಟೆ. ಸರಿಯಾದ ಕ್ರಮ: ಬಂದ ದಿನವೇ 20ಕ್ಕೆ ಇಟ್ಟು ವಾರಪೂರ್ತಿ ಮುಟ್ಟದಿರುವುದು, ಹಿರಿಯರಿಗೆ ಒಂದು ಕಂಬಳಿ ಹೆಚ್ಚಿಗೆ ಕೊಡುವುದು. ಭಾನುವಾರದಿಂದ ಹಾಗೆಯೇ ನಡೆಯಿತು.

ಒಗ್ಗರಣೆ ಮತ್ತು ಅಲಾರಾಂ

ಅಜ್ಜಿ ತಂದಿದ್ದ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕೂರಲೇ ಇಲ್ಲ. ತಳಕ್ಕೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ಅಂಟದಿದ್ದರೆ ಆ ಪಾತ್ರೆ ಅಲ್ಲಿ ಕೆಲಸಕ್ಕೆ ಬಾರದು, ಇಷ್ಟೇ ಪರೀಕ್ಷೆ. ಅದೃಷ್ಟಕ್ಕೆ ಸೊಸೆಯ ಮೂರು ಲೀಟರಿನ ಸ್ಟೀಲ್ ಕುಕ್ಕರೂ ಕಾರಿನಲ್ಲಿತ್ತು.

ಒಗ್ಗರಣೆ ಸೌಟಿನ ಸಮಸ್ಯೆ ಇನ್ನೂ ಸೂಕ್ಷ್ಮ. ಕಬ್ಬಿಣದ್ದಾದ್ದರಿಂದ ಅಯಸ್ಕಾಂತ ಅಂಟುತ್ತದೆ, ಆದರೆ ತಳ ಗುಂಡಗೆ, ಅಗಲ ಎಂಟು ಸೆಂಟಿಮೀಟರ್. ಸುಮಾರು 12 ಸೆಂಟಿಮೀಟರಿಗಿಂತ ಚಿಕ್ಕ ತಳವನ್ನು ಬಹಳಷ್ಟು ಇಂಡಕ್ಷನ್ ಒಲೆಗಳು ಪಾತ್ರೆ ಎಂದೇ ಗುರುತಿಸುವುದಿಲ್ಲ. ಹಾಗಾಗಿ ಅಜ್ಜಿ ಅಲ್ಲಿದ್ದ 28 ಸೆಂಟಿಮೀಟರಿನ ತೆಳು ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ, ಒಲೆಯನ್ನು ಗರಿಷ್ಠಕ್ಕೆ ಇಟ್ಟರು. ಗ್ಯಾಸಿನಲ್ಲಿ ಎರಡು ನಿಮಿಷ ಹಿಡಿಯುವ ಕೆಲಸ ಇಲ್ಲಿ ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸಾಸಿವೆ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಬಿದ್ದದ್ದೇ ತಡ, ಘಾಟು ಸೂರಿಗೇರಿತು. ಅರ್ಧ ನಿಮಿಷಕ್ಕೆ ಹಜಾರದ ಅಲಾರಾಂ ಬಡಿಯಿತು, ಅದರ ಹಿಂದೆಯೇ ಅಟ್ಟದ್ದು, ಕೋಣೆಗಳದ್ದು. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿರುತ್ತಾರೆ, ಒಂದು ಕೂಗಿದರೆ ಎಲ್ಲವೂ ಕೂಗಬೇಕು ಎಂದೇ.

ಈ ಅಲಾರಾಂಗಳೊಳಗೆ ಬೆಳಕಿನ ಕಿರಣವಿದ್ದು, ಗಾಳಿಯಲ್ಲಿ ಹೊಗೆಯ ಕಣ ತೇಲಿಬಂದು ಅದನ್ನು ಚದುರಿಸಿದರೆ ಸದ್ದು ಮಾಡುತ್ತವೆ. ಉರಿದ ಮರದ ಹೊಗೆಗೂ ಎಣ್ಣೆಯ ಆವಿಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಗೋಡೆಯಿಂದ ಬೇರೆಯಾದ ಅಡುಗೆಮನೆಯಲ್ಲಿ ಬರೀ ಶಾಖಕ್ಕೆ ಬಡಿಯುವ ಅಲಾರಾಂ ಇಡುತ್ತಾರೆ. ಇಲ್ಲಿ ಅಡುಗೆಮನೆ ಅಟ್ಟದ ಕೆಳಗೆ ಸೇರಿಕೊಂಡ ಹಜಾರದ ಮೂಲೆಯಷ್ಟೇ, ಹಾಗಾಗಿ ಹಜಾರದ ಹೊಗೆ ಅಲಾರಾಂ ಅಡುಗೆಗೂ ಕಾವಲು. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಇದ್ದಿಲ ಫಿಲ್ಟರಿನಲ್ಲಿ ಸೋಸಿ ಮತ್ತೆ ಒಳಕ್ಕೇ ಊದುವಂಥದು. ಕಲ್ಲುಗೋಡೆಗೆ ಹೊಸ ತೂತು ಹೊಡೆಯಲು ಅನುಮತಿ ಸಿಗದ ಕಟ್ಟಡಗಳಲ್ಲಿ ಇದೇ ಇರುವುದು.

ಎರಡನೆಯ ಸಲವೂ ಹೀಗೇ ಆಯಿತು. ಮೂರನೆಯ ಸಲ ಬಡಿದಾಗ ಮಗ ಅಲಾರಾಂಗೆ ಪ್ಲಾಸ್ಟಿಕ್ ಚೀಲ ಕಟ್ಟಲು ಕುರ್ಚಿ ಹತ್ತಿದ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಸೂರೆಲ್ಲ ಮರ, ಅಟ್ಟದಿಂದ ಇಳಿಯಲು ಒಂದೇ ಮೆಟ್ಟಿಲು, ಅಲ್ಲಿ ಮಲಗುವವರು ಮಂಡಿನೋವಿನವರು. ಅಲಾರಾಂ ಕೊಡುವ ಎರಡು ನಿಮಿಷವೇ ಅವರಿಗೆ ಇರುವ ಕಾಲಾವಕಾಶ. ಗೋಡೆಯ ಮೇಲೆ ಸದ್ದು ತಡೆಯುವ ಒತ್ತುಗುಂಡಿ ಇತ್ತು. ಅದು ಕೆಲವು ನಿಮಿಷ ಸುಮ್ಮನಾಗಿಸಿ ತಾನೇ ಮತ್ತೆ ಎಚ್ಚರವಾಗುತ್ತದೆ, ಅದಷ್ಟೇ ಸಾಕು.

ಪರಿಹಾರ ಕಟ್ಟಡದಲ್ಲೇ ಇತ್ತು. ಅಡುಗೆಗೆ ಐದು ನಿಮಿಷ ಮುಂಚೆ ಗಾಡಿ ಬಾಗಿಲಿನ ಗಾಜಿನ ಕದವನ್ನೂ ಅದರ ಎದುರಿನ ಸಣ್ಣ ಬಾಗಿಲನ್ನೂ ಒಟ್ಟಿಗೆ ತೆರೆದಿಡುವುದು. ಒಂದನ್ನೇ ತೆರೆದರೆ ಘಾಟು ಸೂರಿನ ಕೆಳಗೆ ಸುತ್ತುತ್ತಲೇ ಇರುತ್ತದೆ. ಎರಡೂ ತೆರೆದಾಗ ಬಾಗಿಲ ಪರದೆ ಒಳಕ್ಕೆ ಉಬ್ಬಿ ನಿಲ್ಲುತ್ತದೆ, ಹೊಟ್ಟು ಹಾರಿಸುತ್ತಿದ್ದ ಅದೇ ಗಾಳಿ ಮೆಣಸಿನ ಘಾಟನ್ನೂ ಹೊತ್ತುಕೊಂಡು ಹೋಗುತ್ತದೆ. ಅದರ ಜೊತೆಗೆ ಚಿಕ್ಕ ಮಟ್ಟಸ ತಳದ ಪಾತ್ರೆ, ಒಲೆ ಒಂಬತ್ತರಲ್ಲಿ ನಾಲ್ಕಕ್ಕೆ, ಸಾಸಿವೆಯನ್ನು ತಣ್ಣನೆಯ ಎಣ್ಣೆಗೇ ಹಾಕಿ ಕಾಯಿಸುವುದು, ಸಾಸಿವೆ ಸಿಡಿಯುವುದು ನಿಂತ ಕೂಡಲೇ ಒಲೆ ಆರಿಸಿ ಆ ಬಿಸಿಯಲ್ಲೇ ಮೆಣಸಿನಕಾಯಿ, ಇಂಗು, ಕರಿಬೇವು. ಸೋಮವಾರದ ನಂತರ ಅಲಾರಾಂ ಬಡಿಯಲಿಲ್ಲ.

ಅಡುಗೆಯ ಬಗ್ಗೆ ಇನ್ನೆರಡು ಮಾತು. ನಾರ್ಫೋಕಿನ ನೆಲ ಸುಣ್ಣಕಲ್ಲಿನದು, ನಲ್ಲಿ ನೀರು ಗಡಸು. ಕೆಟಲ್ ಒಳಗೆ ಬಿಳಿಯ ಹೊಪ್ಪಳೆ ಕಂಡರೆ ಅದೇ ಗುರುತು. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆ ಮೆತ್ತಗಾಗದಂತೆ ಹಿಡಿಯುತ್ತದೆ. ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿ, ಜಗ್ ಫಿಲ್ಟರಿನ ನೀರಿನಲ್ಲಿ ಬೇಯಿಸಿದರೆ ಮನೆಯ ಹದ ಬರುತ್ತದೆ. ಬರೀ ನಲ್ಲಿ ನೀರಾದರೆ ಎರಡು ವಿಷಲ್ ಹೆಚ್ಚು ಬೇಕು. ಹುಣಸೆ ರಸ ಬೇಳೆ ಪೂರ್ತಿ ಬೆಂದ ಮೇಲಷ್ಟೇ. ಇನ್ನು ದೋಸೆ ಹಿಟ್ಟು: 19 ಡಿಗ್ರಿಯ ಹಜಾರದಲ್ಲಿ ರಾತ್ರಿಯಿಡೀ ಇಟ್ಟರೂ ಅಲುಗಾಡಲಿಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಕಪಾಟಿನಲ್ಲಿ 27–28 ಡಿಗ್ರಿ ಇರುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ಕೆಳಗೊಂದು ಅಗಲ ತಟ್ಟೆ ಇಟ್ಟು ಅಲ್ಲಿಟ್ಟರೆ 10 ಗಂಟೆಯಲ್ಲಿ ಹುಳಿ ಬಂದು ಉಬ್ಬುತ್ತದೆ. ಅಜ್ಜಿಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಆ ಕಪಾಟು.

ಅಟ್ಟದ ಬಚ್ಚಲು

ಸೋಮವಾರ ಬೆಳಿಗ್ಗೆ 7ಕ್ಕೆ ಅಜ್ಜ ಮೇಲಿನ ಬಚ್ಚಲಿನಲ್ಲಿ ಬಕೆಟ್ ತುಂಬಿಸಿಕೊಂಡು, ಟಬ್ಬಿನ ಹೊರಗೆ ಸ್ಟೂಲ್ ಹಾಕಿಕೊಂಡು, ಚೆಂಬಿನಲ್ಲಿ ಸ್ನಾನ ಮಾಡಿದರು. ಟಬ್ಬಿನ ಅಂಚು 55 ಸೆಂಟಿಮೀಟರ್ ಎತ್ತರ, ಅವರ ಮಂಡಿಗೆ ಅದನ್ನು ದಾಟಲಾಗದು. ನೆಲ ಟೈಲ್ಸಿನದು, ನೋಡಲು ನಮ್ಮ ಬಚ್ಚಲಿನಂತೆಯೇ. ಆದರೆ ಇಳಿಜಾರಿಲ್ಲ, ಕಿಂಡಿಯಿಲ್ಲ, ಟೈಲ್ಸಿನ ಕೆಳಗೆ ನೀರು ತಡೆಯುವ ಪದರವಿಲ್ಲ. ಇರುವುದು ಹಲಗೆ, ಜಂತಿ, ಅದರ ಕೆಳಗೆ ಅಡುಗೆಮನೆಯ ಜಿಪ್ಸಮ್ ಚಾವಣಿ. ಸುಮಾರು ಹದಿನೈದು ಲೀಟರ್ ನೀರು ಕಮೋಡಿನ ಕೊಳವೆಯ ಸುತ್ತಲಿನ ಸಂದಿಯನ್ನು ಹುಡುಕಿಕೊಂಡಿತು.

ಕೆಳಗೆ ಕಾಫಿ ಸೋಸುತ್ತಿದ್ದ ಸೊಸೆಯ ಕೈಮೇಲೆ ಒಂದು ಹನಿ ಬಿತ್ತು. ತಲೆಯೆತ್ತಿದರೆ ಚಾವಣಿಯಲ್ಲಿ ಊಟದ ತಟ್ಟೆಯಗಲದ ಒದ್ದೆ, ನಡುವೆ ದೀಪ. “ಮಾವ, ನೀರು ನಿಲ್ಲಿಸಿ, ಕೆಳಗೆ ಇಳಿತಾ ಇದೆ” ಎಂದು ಕೂಗಿದಳು.

ಮುಂದಿನ ಹತ್ತು ನಿಮಿಷ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಮೊದಲು ಫ್ಯೂಸ್ ಪೆಟ್ಟಿಗೆಯಲ್ಲಿ ದೀಪದ ಸರ್ಕ್ಯೂಟ್ ಇಳಿಸಿದರು, ಏಕೆಂದರೆ ಚಾವಣಿಯೊಳಗೆ ಇಳಿದ ನೀರು ದೀಪದ ತೂತನ್ನೇ ದಾರಿ ಮಾಡಿಕೊಳ್ಳುತ್ತದೆ. ಮೇಲೆ ಟವೆಲ್‌ಗಳಿಂದ ನೆಲ ಒರೆಸಿದರು. ಕೆಳಗೆ ಬಕೆಟ್ ಇಟ್ಟರು. ಚಾವಣಿ ಉಬ್ಬಿ ಜೋತಿದ್ದರೆ ಬಕೆಟ್ ಹಿಡಿದು ಸ್ಕ್ರೂಡ್ರೈವರಿನಲ್ಲಿ ಚಿಕ್ಕ ತೂತು ಮಾಡಿ ನೀರು ಬಿಡಬೇಕಾಗುತ್ತಿತ್ತು, ಇಲ್ಲವಾದರೆ ಹಲಗೆಯೇ ಕಳಚಿ ಬೀಳುತ್ತದೆ. ಇಲ್ಲಿ ಉಬ್ಬಿರಲಿಲ್ಲ. ಫೋಟೋ ತೆಗೆದು ಆಗಲೇ ಮಾಲೀಕರಿಗೆ ಫೋನ್ ಮಾಡಿದರು. ಮುಚ್ಚಿಟ್ಟು ಹೋಗಿದ್ದರೆ ಒದ್ದೆ ಒಳಗೇ ಉಳಿದು ಬೂಷ್ಟು ಹಿಡಿದು, ಲೆಕ್ಕ ನಾಲ್ಕು ಪಟ್ಟಾಗುತ್ತಿತ್ತು. ಫ್ಯಾನ್ ಹೀಟರ್ ಇಟ್ಟು ಎರಡು ದಿನ ಒಣಗಿಸಿದರು. ದೀಪವನ್ನು ಎಲೆಕ್ಟ್ರಿಷಿಯನ್ ಬಂದು ನೋಡಿದ ಮೇಲೆಯೇ ಹಾಕಿದರು. ಕೊನೆಗೆ ಠೇವಣಿಯಲ್ಲಿ 90 ಪೌಂಡ್ ಬಣ್ಣದ ಖರ್ಚಿಗೆ ಹೋಯಿತು.

ಇಷ್ಟಾದ ಮೇಲೆ ಗೊತ್ತಾದದ್ದು: ಕೆಳಗಿನ ಚಿಕ್ಕ ಕೋಣೆಗೆ ಅಂಟಿಕೊಂಡಿದ್ದ ಬಚ್ಚಲು ಇಳಿಜಾರು ನೆಲ, ಕಿಂಡಿ, ನೀರು ತಡೆಯುವ ಪದರ ಎಲ್ಲ ಇರುವಂಥದು. ಹೊಸ್ತಿಲೂ ಇಲ್ಲ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಬೇರೆ. ಅಂಗವಿಕಲರಿಗೆಂದು ಮಾಡಿಸಿದ ಆ ಬಚ್ಚಲೇ ನಮ್ಮ ಬಕೆಟ್–ಚೆಂಬಿನ ಸ್ನಾನಕ್ಕೆ ಹೇಳಿಮಾಡಿಸಿದ್ದು. ಅಂದೇ ಕೋಣೆ ಅದಲುಬದಲಾಯಿತು. ಮಕ್ಕಳು ಅಟ್ಟಕ್ಕೆ ಹೋಗಿ ಖುಷಿಪಟ್ಟರು. ಅಜ್ಜನಿಗೆ ತೊಲೆಯ ಕಾಟವೂ ತಪ್ಪಿತು.

ತಣ್ಣೀರಿನ ಪ್ರಶ್ನೆ ಬರೀ ಲೆಕ್ಕ. ಸಿಲಿಂಡರ್ 250 ಲೀಟರ್, ಒಳಗಿನ ನೀರು 50 ಡಿಗ್ರಿ, ನಲ್ಲಿಯ ನೀರು 12. ಮೈಗೆ ಬೇಕಾದ 40 ಡಿಗ್ರಿ ಬರಲು ನಾಲ್ಕರಲ್ಲಿ ಸುಮಾರು ಮೂರು ಪಾಲು ಸಿಲಿಂಡರಿನ ನೀರೇ ಬೇಕು. ಶವರಿನಲ್ಲಿ ನಿಮಿಷಕ್ಕೆ 8 ಲೀಟರ್, ಎಂಟು ನಿಮಿಷಕ್ಕೆ 64, ಅದರಲ್ಲಿ 47 ಲೀಟರ್ ಸಿಲಿಂಡರಿನದು. ಐದು ಜನಕ್ಕೆ 235. ಆರನೆಯವರಿಗೆ ಉಳಿಯುವುದು ಉಗುರುಬೆಚ್ಚಗಿನ ತಳದ ನೀರು. ಆ ಆರನೆಯವಳು ಪ್ರತಿದಿನವೂ ಸೊಸೆಯೇ ಆಗಿದ್ದಳು. ಸಿಲಿಂಡರ್ ಮತ್ತೆ ಕಾಯಲು 11 ಯೂನಿಟ್ ಶಾಖ ಬೇಕು, 8 ಕಿಲೋವಾಟ್ ಹೀಟ್ ಪಂಪಿಗೆ ಒಂದೂವರೆ ಗಂಟೆ. ಮಕ್ಕಳ ಸ್ನಾನವನ್ನು ಸಂಜೆಗೆ ಹಾಕಿ, ಅಜ್ಜನಿಗೆ ಒಂದು ಬಕೆಟ್ ಎಂದರೆ 15 ಲೀಟರ್ ಎಂದು ಲೆಕ್ಕ ಹಿಡಿದಾಗ ನೀರು ಮಿಕ್ಕಿತು.

ಕೊಳಚೆ ಹೋಗುವುದು ಅಂಗಳದ ಸ್ವಂತ ಟ್ಯಾಂಕಿಗೆ, ಅದರೊಳಗಿನ ಬ್ಯಾಕ್ಟೀರಿಯಾ ಬದುಕಿದ್ದರಷ್ಟೇ ಅದು ಕೆಲಸ ಮಾಡುತ್ತದೆ. ಬಾಣಲೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಬೇಕು, ಒದ್ದೆ ವೈಪ್ಸ್ ಕಮೋಡಿಗೆ ಬೇಡ, ಬ್ಲೀಚ್ ಸುರಿಯಬಾರದು. ಚೆಂಬಿನ ನೀರಿನ ಬಳಕೆಗೆ ಟ್ಯಾಂಕಿನಿಂದ ಯಾವ ತಕರಾರೂ ಇಲ್ಲ.

ಕಡಲು

ಅಜ್ಜನಿಗೆ ಮಲ್ಪೆ ಗೊತ್ತು, ಗೋಕರ್ಣ ಗೊತ್ತು. ಮಂಗಳೂರಿನ ಕಡೆ ಹುಣ್ಣಿಮೆಯ ಉಬ್ಬರಕ್ಕೂ ಇಳಿತಕ್ಕೂ ನಡುವೆ ಒಂದೂವರೆ ಮೀಟರಿನ ಆಸುಪಾಸು ವ್ಯತ್ಯಾಸ. ನಾರ್ಫೋಕಿನ ಪಶ್ಚಿಮ ತುದಿಯಲ್ಲಿ, ದಿ ವಾಷ್ ಕೊಲ್ಲಿಯ ಬಾಯಲ್ಲಿ, ಅದು 6 ಮೀಟರ್ ಮೀರುತ್ತದೆ. ನೆಲವೂ ಚಪ್ಪಟೆ. ಹಾಗಾಗಿ ಇಳಿತದಲ್ಲಿ ಕಡಲು ಒಂದೂವರೆ ಕಿಲೋಮೀಟರ್ ಹಿಂದೆ ಸರಿದು, ಹೊಳೆಯುವ ಮರಳಿನ ಬಯಲೊಂದನ್ನು ಬಿಟ್ಟುಹೋಗುತ್ತದೆ. ಹೋಲ್ಕಮ್‌ನ ಪೈನ್ ತೋಪು ದಾಟಿ ಆ ಬಯಲಿಗೆ ಬಂದವರಿಗೆ ಮೊದಲು ಅನ್ನಿಸುವುದೇ ‘ಕಡಲೆಲ್ಲಿ?’ ಎಂದು.

ಆ ಬಯಲು ಪೂರ್ತಿ ಮಟ್ಟಸವಲ್ಲ. ದಡಕ್ಕೆ ಹತ್ತಿರದಲ್ಲಿ ತಗ್ಗುಗಳಿವೆ, ದೂರದಲ್ಲಿ ದಿಬ್ಬಗಳಿವೆ. ನೀರು ಏರುವಾಗ ಮುಂದಿನಿಂದ ಅಲೆಯಾಗಿ ಬರುವುದಿಲ್ಲ, ಕಾಲುವೆಗಳಲ್ಲಿ ಸದ್ದಿಲ್ಲದೆ ನುಗ್ಗಿ ಹಿಂದಿನ ತಗ್ಗನ್ನು ಮೊದಲು ತುಂಬುತ್ತದೆ. ದಿಬ್ಬದ ಮೇಲಿರುವವರು ಒಣಗಿಯೇ ಇರುತ್ತಾರೆ, ಆದರೆ ದ್ವೀಪದಲ್ಲಿರುತ್ತಾರೆ. ವೆಲ್ಸ್‌ನ ಕಡಲತೀರದ ಬಣ್ಣಬಣ್ಣದ ಮರದ ಗುಡಿಸಲುಗಳ ಮುಂದೆ ಇಂಥದೇ ತಗ್ಗಿದೆ, ಅದು ತುಂಬತೊಡಗಿದಾಗ ಎಚ್ಚರಿಸಲು ಸೈರನ್ ಊದುತ್ತಾರೆ. ಆ ಸೈರನ್ ಹೊರಡುವ ಸಿದ್ಧತೆಗಲ್ಲ, ಆಗಲೇ ಹೊರಟಿರಬೇಕಾದದ್ದು.

ಮಂಗಳವಾರ ಅಮಾವಾಸ್ಯೆಯ ಮಾರನೆಯ ದಿನ. ಈ ಕರಾವಳಿಯ ಒಂದು ಲಕ್ಷಣವನ್ನು ಪಂಚಾಂಗ ನೋಡುವ ನಮ್ಮವರು ಸುಲಭವಾಗಿ ನೆನಪಿಟ್ಟುಕೊಳ್ಳಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ದೊಡ್ಡ ಉಬ್ಬರ ಬೆಳಿಗ್ಗೆ, ಸಂಜೆ 7–8ರ ಹೊತ್ತಿಗೆ ಬರುತ್ತದೆ, ನಡುಮಧ್ಯಾಹ್ನ ಕಡಲು ಎಲ್ಲಕ್ಕಿಂತ ದೂರ ಹೋಗಿರುತ್ತದೆ. ಜನ ಸಂಸಾರ ಸಮೇತ ಮರಳಿಗಿಳಿಯುವ ಹೊತ್ತೇ ಅದು. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗಿ, ಮಧ್ಯಾಹ್ನವೇ ಉಬ್ಬರ, ಆದರೆ ಚಿಕ್ಕದು.

ಅಂದು ಮಧ್ಯಾಹ್ನ ಆರೂ ಜನ ಅಂಥ ತಗ್ಗೊಂದನ್ನು ದಾಟಿ ದಿಬ್ಬಕ್ಕೆ ಹೋಗಿದ್ದರು. ಉಬ್ಬರ ರಾತ್ರಿ 8ಕ್ಕೆ. ಉಬ್ಬರಕ್ಕೆ ನಾಲ್ಕು ಗಂಟೆ ಮುಂಚೆ ದಿಬ್ಬ ಬಿಡಬೇಕು ಎಂದು ಮಗ ನಿಯಮ ಹಾಕಿಕೊಂಡಿದ್ದ, ಒಳ್ಳೆಯ ನಿಯಮ. ಎಡವಿದ್ದು ಗಡಿಯಾರದಲ್ಲಿ. ಮುದ್ರಿತ ಉಬ್ಬರದ ಪಟ್ಟಿಗಳು ಬಹಳಷ್ಟು ಸಲ ಗ್ರೀನಿಚ್ ಕಾಲಮಾನದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಅವನು ಇದನ್ನು ತಿಳಿದವನು, ಹಾಗಾಗಿ ಕೂಡಿಸಿದ. ಆದರೆ ಅವನು ನೋಡಿದ್ದು ಫೋನಿನ ಆ್ಯಪ್, ಅದು ಆ ಗಂಟೆಯನ್ನು ಮೊದಲೇ ಕೂಡಿಸಿಕೊಂಡಿತ್ತು. 8 ಅವನ ಲೆಕ್ಕದಲ್ಲಿ 9 ಆಯಿತು, ಹೊರಡುವ ಹೊತ್ತು 4ರ ಬದಲು 5 ಆಯಿತು. ಕೂಡಿಸಬೇಕಾದಲ್ಲಿ ಮರೆತರೆ ಒಂದು ಗಂಟೆ ಬೇಗ ದಡ ಸೇರುತ್ತೀರಿ, ನಷ್ಟವಿಲ್ಲ. ಕೂಡಿಸಬಾರದಲ್ಲಿ ಕೂಡಿಸಿದರೆ ಒಂದು ಗಂಟೆ ತಡ.

5ಕ್ಕೆ ಹೊರಟು ಮರಳಿ ಬರುವಾಗ ಸೈರನ್ ಕೇಳಿತು. ಮಧ್ಯಾಹ್ನ ಒಣಗಿದ್ದ ತಗ್ಗಿನಲ್ಲಿ ಮೀನಖಂಡ ಮುಳುಗುವಷ್ಟು ನೀರು, ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಅಜ್ಜ ತಿರುಗಿ ಕಡಲನ್ನು ನೋಡಿದರು. “ಅಲ್ಲೋ, ಸಮುದ್ರ ಇನ್ನೂ ಅಲ್ಲೇ ಇದೆಯಲ್ಲೋ, ಇದೆಲ್ಲಿಂದ ಬಂತು?” ಎಂದರು. ಚಿಕ್ಕವಳನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡ, ಉಳಿದವರು ಕೈಕೈ ಹಿಡಿದು, ನೀರಿನ ಹರಿವಿಗೆ ಮುಖ ಮಾಡಿ, ಅಡಿ ಎಳೆಯುತ್ತ ದಾಟಿದರು. ಅಗಲ ನಲವತ್ತು ಹೆಜ್ಜೆಯಷ್ಟೇ. ಮೇ ಕೊನೆಯಲ್ಲಿ ಆ ನೀರು 12 ಡಿಗ್ರಿಯ ಆಸುಪಾಸು, ದಾಟಿ ಮುಗಿಯುವಷ್ಟರಲ್ಲಿ ಅಜ್ಜಿಯ ಪಾದಗಳು ಮರಗಟ್ಟಿದ್ದವು.

ಇನ್ನರ್ಧ ಗಂಟೆ ತಡವಾಗಿದ್ದರೆ ದಾಟಬಾರದಿತ್ತು. ಮೊಣಕಾಲು ಮೀರಿದ ಹರಿಯುವ ನೀರು ದೊಡ್ಡವರನ್ನೂ ಬೀಳಿಸುತ್ತದೆ. ಆಗ ಇದ್ದ ದಿಬ್ಬದ ಅತಿ ಎತ್ತರದ ಜಾಗಕ್ಕೆ ಹೋಗಿ 999ಕ್ಕೆ ಕರೆಮಾಡಿ ‘ಕೋಸ್ಟ್‌ಗಾರ್ಡ್’ ಎಂದು ಕೇಳಬೇಕು. ವೆಲ್ಸ್‌ನಲ್ಲೇ ಲೈಫ್‌ಬೋಟ್ ಠಾಣೆ ಇದೆ. ಕರೆ ಮಾಡಲು ಸಂಕೋಚ ಪಡುವುದೇ ನಮ್ಮವರ ದೊಡ್ಡ ಅಪಾಯ. ಆ ಊರಿನ ಹಡಗುಕಟ್ಟೆಯ ಬಳಿ 1880ರ ಅಕ್ಟೋಬರಿನಲ್ಲಿ ಲೈಫ್‌ಬೋಟ್ ಮಗುಚಿ ಸತ್ತ 11 ಜನರ ಸ್ಮಾರಕವಿದೆ. ಬೇರೆಯವರನ್ನು ಉಳಿಸಲು ಹೋದ ಸ್ಥಳೀಯರು ಅವರು, ಈ ನೀರನ್ನು ಹುಟ್ಟಿದಾಗಿನಿಂದ ಬಲ್ಲವರು.

ಸರಿಯಾಗಿ ಓದಿದ ಅದೇ ಪಟ್ಟಿ ಗುರುವಾರ ಕೈಹಿಡಿಯಿತು. ಮಾರ್ಸ್ಟನ್ ಕಟ್ಟೆಯಿಂದ ಕಡಲಿಗೆ ಚಾಚಿದ ಬ್ಲೇಕ್ನಿ ಪಾಯಿಂಟಿನ ಸೀಲ್ ಎಂಬ ಕಡಲಪ್ರಾಣಿಗಳನ್ನು ನೋಡಲು ಹೋಗುವ ದೋಣಿಗಳು ಕಾಲುವೆಯಲ್ಲಿ ನೀರಿದ್ದಾಗ ಮಾತ್ರ ಹೊರಡುತ್ತವೆ. ಉಬ್ಬರ ದಿನಕ್ಕೆ 40–50 ನಿಮಿಷ ಮುಂದಕ್ಕೆ ಹೋಗುವುದರಿಂದ ಅಂದು ಅದು ಬೆಳಿಗ್ಗೆ 9ರ ನಂತರ. ಮುಂಚಿತವಾಗಿ ಸೀಟು ಹಿಡಿದು, ಎಲ್ಲರೂ ಶೌಚ ಮುಗಿಸಿ (ದೋಣಿಯಲ್ಲಿ ಇರುವುದಿಲ್ಲ), ಗಾಳಿ ತಡೆಯುವ ಜಾಕೆಟ್ ತೊಟ್ಟು ಹತ್ತಿದರು. ಒಂದು ಗಂಟೆಯ ಪಯಣ. ಬೂದು ಸೀಲ್‌ಗಳ ಮರಿ ನೋಡಬೇಕಾದರೆ ನವೆಂಬರಿನಿಂದ ಜನವರಿಯೊಳಗೆ ಹೋಗಬೇಕು. ಮೇಯಲ್ಲಿ ಮರಳಿನ ಮೇಲೆ ಬಿಸಿಲು ಕಾಯುವ ದೊಡ್ಡವು, ತಲೆಯ ಮೇಲೆ ಹಾರಾಡುವ, ಅಲ್ಲೇ ಗೂಡು ಕಟ್ಟುವ ರೀವ ಹಕ್ಕಿಗಳ ಗಲಾಟೆ.

ಔಷಧಿ, ಹಕ್ಕಿ, ಲೆಕ್ಕ

ಭಾರತದಿಂದ ಬಂದ ಹಿರಿಯರಿಗೆ ಇಂಗ್ಲೆಂಡಿನ ತುರ್ತು ವಿಭಾಗದ ಚಿಕಿತ್ಸೆ ಉಚಿತ, ಆದರೆ ಆಸ್ಪತ್ರೆಗೆ ಸೇರಿಸಿಕೊಂಡ ಕ್ಷಣದಿಂದ ಬಿಲ್ ಶುರು, ಅದೂ ಮಾಮೂಲಿ ದರದ ಒಂದೂವರೆ ಪಟ್ಟು. ಪ್ರವಾಸ ವಿಮೆಯಲ್ಲಿ ಬಿಪಿಯನ್ನು ಮೊದಲೇ ಬರೆಸಿರಬೇಕು. ದೊಡ್ಡ ಆಸ್ಪತ್ರೆ ಕಿಂಗ್ಸ್ ಲಿನ್‌ನಲ್ಲಿ, ಕಾರಿನಲ್ಲಿ ಮುಕ್ಕಾಲು ಗಂಟೆಗೂ ಮೇಲೆ. ಆ ವಾರದ ಸೋಮವಾರ ಸಾರ್ವತ್ರಿಕ ರಜೆ, ಮೆಡಿಕಲ್ ಶಾಪ್ ಬೇಗ ಮುಚ್ಚಬಹುದು ಅಥವಾ ತೆರೆಯದೆಯೇ ಇರಬಹುದು. ದಪ್ಪ ಗೋಡೆಯೊಳಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ, ಮೊದಲ ದಿನವೇ ಫೋನಿನಲ್ಲಿ ವೈಫೈ ಕರೆ ಚಾಲೂ ಮಾಡಿಕೊಂಡದ್ದು ಒಳ್ಳೆಯದಾಯಿತು.

ಕಾರು ನಿಲ್ಲಿಸುವ ಹಳೆಯ ಗಾಡಿ ಕೊಟ್ಟಿಗೆಯ ಜಂತಿಗೆ ಸ್ವಾಲೋ ಹಕ್ಕಿಗಳು ಮಣ್ಣಿನ ಗೂಡು ಕಟ್ಟಿದ್ದವು. ಕಾರಿನ ಮೇಲೆ ಹಿಕ್ಕೆ ಬೀಳುತ್ತದೆಂದು ಗೂಡು ಕೆಡವಿದರೆ 1981ರ ವನ್ಯಜೀವಿ ಕಾಯಿದೆಯಡಿ ಅಪರಾಧ. ಕಾರನ್ನು ಎರಡು ಮೀಟರ್ ಹೊರಗೆ ನಿಲ್ಲಿಸಿದರು. ಗೋಡೆಯ ತ್ರಿಕೋನ ತುದಿಯಲ್ಲಿ ಕಣಜದ ಗೂಬೆಗೆಂದು ಬಿಟ್ಟ ಕಿಂಡಿ ಇತ್ತು. ಅಂಗಳದ ದೀಪ ಆರಿಸಿ ಕಾದರೆ, 9ಕ್ಕೆ ಸೂರ್ಯ ಮುಳುಗಿದ ಮೇಲೆ, ಅದು ಬೆಳ್ಳಗೆ, ರೆಕ್ಕೆಯ ಸದ್ದೇ ಇಲ್ಲದೆ ಬಾರ್ಲಿಯ ಮೇಲೆ ತಗ್ಗಿ ಹಾರುತ್ತಿತ್ತು. ಮಕ್ಕಳು ಮೂರು ರಾತ್ರಿ ನೋಡಿದರು.

ಶನಿವಾರ ಬೆಳಿಗ್ಗೆ 10ಕ್ಕೆ ಬಿಡಬೇಕು. ಒಲೆಯ ಗಾಜನ್ನು ಅರಿಶಿನದ ಕಲೆ ಒಣಗುವ ಮುಂಚೆ ಒರೆಸಿದ್ದರು. ಬಿಳಿಯ ಕಲ್ಲಿನ ಕಟ್ಟೆಗೆ ಹತ್ತಿದ್ದ ಒಂದು ಕಲೆಗೆ ಅಡಿಗೆ ಸೋಡಾ ಕಲಸಿ ಹಚ್ಚಿ ರಾತ್ರಿಯಿಡೀ ಬಿಟ್ಟದ್ದರಿಂದ ಅದೂ ಹೋಗಿತ್ತು. ಎರಡೂ ಬಾಗಿಲು ತೆರೆದು ಮನೆಯನ್ನು ಅರ್ಧ ಗಂಟೆ ಗಾಳಿಗೆ ಬಿಟ್ಟು, ಕಪಾಟಿನಿಂದ ದೋಸೆ ಹಿಟ್ಟಿನ ತಟ್ಟೆ ತೆಗೆದುಕೊಂಡು, ಕೀಲಿಯನ್ನು ಪೆಟ್ಟಿಗೆಗೆ ಹಾಕಿದರು. ವಾರದ ಕೊನೆಗೆ ಠೇವಣಿಯ 160 ಪೌಂಡ್ ವಾಪಸು ಬಂತು.